ಭಾರ ಯಾವ ಕಾಲಿನ ಮೇಲೆ

ಮೊದಲ ವರ್ಷ ನಾನು ಬರೆದವರೆಲ್ಲ ತೇಲುತ್ತಿದ್ದರು,
ಹಾಳೆಯ ನಡುವೆ, ನೆಲವಿಲ್ಲದೆ,
ತಂತಿಗೆ ಒಣಹಾಕಿದ ಅಂಗಿಗಳ ಹಾಗೆ.
ಕೈ ಬರೆಯಲು ಬಾರದು, ಆದ್ದರಿಂದ ಎಲ್ಲರ ಕೈಯೂ ಬೆನ್ನ ಹಿಂದೆ.
ಪಾದ ಬಾರದು, ಎಲ್ಲರೂ ಮೊಣಕಾಲುದ್ದ ಹುಲ್ಲಿನಲ್ಲಿ.
'ದಾವಣಗೆರೆಯಾಗ ಇಷ್ಟು ಹುಲ್ಲು ಎಲ್ಲಿ ಸಿಕ್ತಪಾ ನಿನಗೆ?'
ಪಂಚಾಕ್ಷರಿ ಮೇಷ್ಟ್ರು ಕೇಳಿದರು, ನಗಲಿಲ್ಲ.

ಅವರು ತಿದ್ದುವವರಲ್ಲ.
ಹಾಳೆಯನ್ನು ತಲೆಕೆಳಗು ಹಿಡಿದು
ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ
ಕೇಳುವುದು ಒಂದೇ ಮಾತು:
'ಭಾರ ಯಾವ ಕಾಲಿನ ಮೇಲೈತಿ?'
ಎರಡರ ಮೇಲೂ ಸರ್, ಅಂದೆ.
'ಸಮಸಮ ನಿಲ್ಲೋದು ಮಂಚ.'

ಹಗಲು ನನಗೆ ಫ್ಲೆಕ್ಸ್ ಅಂಗಡಿಯ ಕೆಲಸ.
ಹುಟ್ಟುಹಬ್ಬದ ಲೀಡರುಗಳ ಮೊಡವೆ ಅಳಿಸುತ್ತೇನೆ,
ಕತ್ತು ತಿಳಿಗೊಳಿಸುತ್ತೇನೆ, ಮೀಸೆಗೆ ಕಪ್ಪು ತುಂಬುತ್ತೇನೆ.
ಅಲ್ಲಿ ಯಾರಿಗೂ ಸೊಂಟದ ಕೆಳಗೆ ಏನೂ ಇಲ್ಲ.
ಮುಗಿದ ಕೈ, ಚಿನ್ನದ ಕಡಗ, ಅದರ ಕೆಳಗೆ ಶುಭಕೋರುವವರ ಸಾಲು.
ಹೀಗಿರುವಾಗ ಕಾಲು ಕಲಿಯುವುದು ಎಲ್ಲಿ?

ಬೆಳಗಿನ ಐದಕ್ಕೆ ಮಂಡಕ್ಕಿ ಭಟ್ಟಿಗೆ ಹೋಗತೊಡಗಿದೆ.
ಕಪ್ಪಗಾದ ಗೋಡೆ, ಹೊಟ್ಟಿನ ಬೆಂಕಿ, ಕಾದ ಮರಳು,
ಮರಳಿನಲ್ಲಿ ಅಕ್ಕಿ ಒಮ್ಮೆಲೇ ಮೈದುಂಬಿ ಏಳುವ ಸದ್ದು.
ಅಕ್ಕಿ ಮಂಡಿಯ ಹಳೆ ಬಿಲ್ಲುಗಳ ಬೆನ್ನ ಮೇಲೆ ಬರೆದೆ,
ಗೀಟು ಮೂಡುವ ಮೊದಲೇ ಬೂದಿ ಬಂದು ಕೂರುತ್ತಿತ್ತು.
ಯಾರೂ ನನಗಾಗಿ ನಿಲ್ಲಲಿಲ್ಲ.
ಜರಡಿ ಹಿಡಿದ ತೋಳು, ನಾನು ನೋಡಿ ತಲೆ ತಗ್ಗಿಸುವಷ್ಟರಲ್ಲಿ
ಬೇರೆಯದೇ ತೋಳಾಗಿರುತ್ತಿತ್ತು.

ಒಂದು ದಿನ ಬುಡೇನ್ ಸಾಬ್ ಮೂಟೆ ಹೊತ್ತು ಹೊರಟಿದ್ದನ್ನು ಬರೆದೆ.
ಆನೆಮರಿಯಷ್ಟು ಮೂಟೆ. ಬೆನ್ನು ಬಿಲ್ಲಾಗಿಸಿದೆ,
ಕತ್ತಿನ ನರ ಉಬ್ಬಿಸಿದೆ, ಮಂಡಿ ಮಡಚಿದೆ,
ಹಣೆಗೆ ಮೂರು ಹನಿ ಬೆವರನ್ನೂ ಕೊಟ್ಟೆ.
ಜರಡಿ ಆಡಿಸುತ್ತಿದ್ದ ಮಾಬುನ್ನಿ ಬಗ್ಗಿ ನೋಡಿ
ನಕ್ಕಳು ನಕ್ಕಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು:
'ಲೇ ತಮ್ಮಾ, ಅದ್ರಾಗ ಇರೋದು ಮಂಡಕ್ಕಿ.
ನೀನ್ಯಾಕೆ ಅಕ್ಕಿ ತುಂಬೀಯಾ?'

ತಿರುಗಿ ನೋಡಿದೆ.
ಬುಡೇನ್ ಸಾಬ್ ಅಷ್ಟು ದೊಡ್ಡದರ ಕೆಳಗೆ ನೆಟ್ಟಗೆ,
ಬೀಡಿ ಕಚ್ಚಿಕೊಂಡು, ಯಾರಿಗೋ ಬೈಯುತ್ತಾ ನಡೆಯುತ್ತಿದ್ದ.
ಮೂಟೆ ಗಾಳಿಗೆ ವಾಲದಂತೆ ಒಂದು ಕೈ ಮಾತ್ರ ಮೇಲೆ.
ಅವನೆದುರು, ಭಟ್ಟಿಗೆ ಅಕ್ಕಿ ತರುತ್ತಿದ್ದ ಹುಡುಗ,
ಅದರ ಅರ್ಧದಷ್ಟೂ ಇಲ್ಲದ ಚೀಲ.
ಹುಡುಗನ ಎಡಗಾಲ ಹೆಬ್ಬೆರಳು ನೆಲವನ್ನು ಹಿಡಿದುಕೊಂಡಿತ್ತು.

ಆಮೇಲೆ ಸುಧಾರಿಸಿದೆ ಎಂದುಕೊಂಡರೆ, ಇಲ್ಲ.
ಇನ್ನೂ ಕೆಟ್ಟಿತು. ಕಣ್ಣು ಮುಂದೆ ಓಡಿ ಕೈ ಹಿಂದೆ ಉಳಿಯಿತು.
ನಿನ್ನೆಯ ಚೆಂದದ್ದೆಲ್ಲ ಇವತ್ತು ಸುಳ್ಳಾಗಿ ಕಂಡು
ಎರಡು ಕಟ್ಟು ಹಾಳೆ ಭಟ್ಟಿಯ ಬಾಯಿಗೇ ಹಾಕಿದೆ.
ಹೊಟ್ಟಿಗಿಂತ ಬೇಗ ಉರಿದವು, ಅಷ್ಟೇ.
ಮೇಷ್ಟ್ರಿಗೆ ಹೇಳಿದೆ. 'ಚಲೋ ಆತು' ಅಂದರು,
ಸುಟ್ಟಿದ್ದಕ್ಕೋ ಕಂಡದ್ದಕ್ಕೋ ಹೇಳಲಿಲ್ಲ.

ಹೋದ ವಾರ ಮಾಬುನ್ನಿ ಕೆಲಸ ಮುಗಿಸಿ
ಆಟೋಗೆ ಕಾಯುತ್ತಾ ನಿಂತಿದ್ದಳು, ಬರಿಗೈಯಲ್ಲಿ.
ಬಲಗಾಲಿಗೆ ರಜೆ ಕೊಟ್ಟಿದ್ದಳು.
ಎಡ ಹಿಮ್ಮಡಿಯಿಂದ ಶುರು ಮಾಡಿದೆ, ಅದರ ಒಡಕಿನಿಂದ,
ಅಲ್ಲಿಂದ ಮೀನಖಂಡ, ಏರಿದ ಸೊಂಟ,
ಅದನ್ನು ಸರಿದೂಗಿಸಲು ಇಳಿದ ಭುಜ.
ಆಟೋ ಬಂತು.
ಹತ್ತುವ ಮೊದಲು ಬಿಲ್ಲಿನ ಹಾಳೆ ಕಸಿದು ನೋಡಿದಳು.
'ಮಖ ಎಲ್ಲಿ?'
ಇನ್ನೂ ಬಂದಿಲ್ಲ ಅಕ್ಕಾ.
'ಬರ್ಲಿ ಬಿಡು. ನಿಂತೈತಲ್ಲ.'

ಕೈಗಳು ಮಾತ್ರ ಈಗಲೂ ಸೆರಗಿನ ಒಳಗೆ.